ಮಾಡು ತಗ್ಗಿದ್ದರೆ ನೆಲ ನೋಡು

ತಮ್ಮಾ, ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲೇ ಗ್ಯಾರೇಜು ಹಾಕುತ್ತೇನೆ ಅಂದೆಯಲ್ಲ, ಸಂತೋಷ. ಹೆದ್ದಾರಿ ಬದಿಗೆ ಅಂಗಡಿಯೂ ಸಿಕ್ಕಿದೆ, ಆದರೆ ಮಾಡು ತಗ್ಗು, ಎರಡು ಕಂಬದ ಲಿಫ್ಟ್ ಅದರೊಳಗೆ ಕೂರುತ್ತದೋ ಇಲ್ಲವೋ ಎನ್ನುವುದು ನಿನ್ನ ಚಿಂತೆ. ಈಗ 66 ಎನ್ನುವ ಈ ಹೆದ್ದಾರಿಗೆ 17 ಎಂಬ ಸಂಖ್ಯೆ ಇದ್ದ ಕಾಲದಿಂದ ಇದೇ ಕಸುಬಿನಲ್ಲಿ ಕೈ ಕಪ್ಪು ಮಾಡಿಕೊಂಡವನು ನಾನು. ಲಿಫ್ಟ್ ಹಾಕಲು ಹೊರಟ ನಮ್ಮ ಕಡೆಯ ಹುಡುಗರೆಲ್ಲ ಮೊದಲು ಕತ್ತೆತ್ತಿ ಮಾಡು ನೋಡುತ್ತಾರೆ. ಕತ್ತು ಬಗ್ಗಿಸಿ ನೆಲ ನೋಡುವವರು ಕಡಿಮೆ. ಮಾಡು ತಗ್ಗಿದ್ದರೆ ಕೆಲಸ ನಿಧಾನವಾದೀತು, ಬೆನ್ನು ನೋಯೀತು, ಅಷ್ಟೆ. ನೆಲ ಕೈಕೊಟ್ಟರೆ ಕಾರಿನ ಅಡಿಯಲ್ಲಿ ನಿಂತವನು ಮನೆಗೆ ಹೋಗುವುದಿಲ್ಲ. ನಾನು ಹೇಳಬೇಕಾದ್ದರ ಸಾರ ಇಷ್ಟೇ. ಉಳಿದದ್ದು ವಿವರ.

ನಮ್ಮಲ್ಲಿ ಮಾಡು ತಗ್ಗಿರುವುದಕ್ಕೆ ಕಾರಣವಿದೆ. ಶಿರೂರಿನಿಂದ ಬ್ರಹ್ಮಾವರದವರೆಗೆ ಹಳೆಯ ಕಟ್ಟಡ ಅಂದರೆ ಮುರಕಲ್ಲಿನ ಗೋಡೆ, ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಉದ್ದಕ್ಕೂ ಆ ಕೆಂಪು ಹಂಚು ಹಬ್ಬಿತು. ಆಸಾಡಿಯ ಗಾಳಿಮಳೆ ಗೋಡೆಗೆ ಹೊಡೆಯಬಾರದೆಂದು ಕಟ್ಟಿದವರು ಮಾಡಿನ ಅಂಚನ್ನು ಆದಷ್ಟು ಇಳಿಸಿಬಿಟ್ಟರು. ಆಮೇಲೆ ಬಂದ ತಾರಸಿ ಅಂಗಡಿಗಳದ್ದು ಬೇರೆ ಲೆಕ್ಕ: ನೆಲದಿಂದ ಸ್ಲ್ಯಾಬಿಗೆ 10 ಅಡಿ, ಅದರಲ್ಲಿ ಒಂದಡಿ ಕೆಳಗಿಳಿದ ಬೀಮು. ಕಟ್ಟಿದವರ ತಲೆಯಲ್ಲಿದ್ದದ್ದು ದಿನಸಿ ಅಂಗಡಿ. ಹೆದ್ದಾರಿ ಚತುಷ್ಪಥವಾಗುವಾಗ ರಸ್ತೆ ಏರಿತು, ಎಷ್ಟೋ ಕಡೆ ಬದಿಯ ಅಂಗಡಿಗಳು ತಗ್ಗಿನಲ್ಲಿ ಉಳಿದವು. ನೀರು ಒಳಗೆ ಬರುತ್ತದೆಂದು ಮಣ್ಣು ಹಾಕಿ ನೆಲ ಏರಿಸಿದವರು ಎರಡು ನಷ್ಟ ಮಾಡಿಕೊಂಡರು: ಕೋಣೆಯ ಎತ್ತರ ಕಮ್ಮಿಯಾಯಿತು, ನೆಲವೂ ಪೊಳ್ಳಾಯಿತು. ನೀನು ನೋಡಿಟ್ಟ ಅಂಗಡಿ ಆ ಜಾತಿಯದೋ ಅಂತ ಮೊದಲು ಯಜಮಾನರನ್ನು ಕೇಳು.

ಹಾಗಾದರೆ ಲಿಫ್ಟ್ ಯಾಕೆ, ಹಳಬರ ಹಾಗೆ ಹೊಂಡ ತೋಡಿದರೆ ಸಾಲದೇ ಅಂತ ಕೇಳಬಹುದು. ನಮ್ಮ ಮಣ್ಣಿನಲ್ಲಿ ಅದು ಸಲ್ಲದು. ಹೊಳೆ ಕಡಲುಗಳ ನಡುವಿನ ತಗ್ಗು ಜಾಗಗಳಲ್ಲಿ ಜೂನ್ ಕಳೆದರೆ ನೀರು ನೆಲದ ಬುಡಕ್ಕೇ ಬಂದಿರುತ್ತದೆ, ಬೆಳಿಗ್ಗೆ ಪಂಪು ಹಚ್ಚಿ ಹೊಂಡ ಬತ್ತಿಸಿಯೇ ಕೆಲಸ ಶುರು ಮಾಡಬೇಕು. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಪೆಟ್ರೋಲಿನ ಆವಿ, ಎಲ್‌ಪಿಜಿ ಎರಡೂ ಗಾಳಿಗಿಂತ ಭಾರ, ಹೊಂಡದ ತಳದಲ್ಲಿ ಹೋಗಿ ಕೂರುತ್ತವೆ. ಬಲ್ಬಿನ ಒಂದು ಕಿಡಿ ಸಾಕು. ಹಾಗಾಗಿ ಲಿಫ್ಟ್ ಬೇಕು ಎಂಬ ನಿನ್ನ ಹಟ ಸರಿಯೇ. ಇದೇನು ನಿನ್ನೆ ಮೊನ್ನೆಯ ಯಂತ್ರವೂ ಅಲ್ಲ. ಅಮೆರಿಕದ ಮೆಂಫಿಸ್‌ನಲ್ಲಿ ಪೀಟರ್ ಲುನಾಟಿ ಎಂಬವರು 1925ರಲ್ಲಿ ಇದನ್ನು ರೂಪಿಸಿದರು. ಕ್ಷೌರದಂಗಡಿಯ ಎತ್ತುವ ಕುರ್ಚಿ ನೋಡಿ ಅವರಿಗೆ ಹೊಳೆಯಿತಂತೆ.

ಮಾರುವವರ ಹತ್ತಿರ ಎರಡು ಬಗೆ ಇರುತ್ತವೆ. ಒಂದರಲ್ಲಿ ಎರಡು ಕಂಬಗಳ ತಲೆಯನ್ನು ಅಡ್ಡಪಟ್ಟಿಯೊಂದು ಕೂಡಿಸುತ್ತದೆ. ಎರಡೂ ಬದಿ ಸಮನಾಗಿ ಏರಲು ಬೇಕಾದ ಉಕ್ಕಿನ ಹಗ್ಗ, ಎಣ್ಣೆಯ ಪೈಪು ಆ ಪಟ್ಟಿಯ ಗುಂಟ ಹಾಯುತ್ತವೆ. ನೆಲ ಖಾಲಿ ಇರುವುದರಿಂದ ಓಡಾಟಕ್ಕೆ, ಗೇರ್‌ಬಾಕ್ಸಿನ ಜಾಕ್ ಎಳೆಯುವುದಕ್ಕೆ ಹಿತ. ಆದರೆ ಅದಕ್ಕೆ 12 ಅಡಿಯ ಆಸುಪಾಸು ಎತ್ತರ ಬೇಕು. ಇನ್ನೊಂದು ಬೇಸ್‌ಪ್ಲೇಟಿನದು. ಹಗ್ಗ, ಪೈಪು ನೆಲದ ಮೇಲೆ ಒಂದೂವರೆ ಇಂಚಿನಷ್ಟು ಎದ್ದಿರುವ ತಗಡಿನ ಕೆಳಗೆ ಹಾಯುತ್ತವೆ. ಕಂಬದ ಎತ್ತರ ಸಾಮಾನ್ಯವಾಗಿ 9, ಹೆಚ್ಚೆಂದರೆ ಒಂಬತ್ತೂವರೆ ಅಡಿ. ನಿನ್ನದರಂಥ ಅಂಗಡಿಗೆ ಹೊಂದುವುದು ಇದೇ. ಸ್ಲ್ಯಾಬಿನ ಕೆಳಗೆ ಕಂಬ ಹಿಡಿಸಿದರೂ ಬೀಮಿನ ಕೆಳಗೆ ಹಿಡಿಸದೇ ಹೋಗಬಹುದು, ಎರಡು ಬೀಮುಗಳ ನಡುವೆ ಜಾಗ ಗುರುತಿಸು. ಅಗಲವನ್ನೂ ಮರೆಯಬೇಡ. ಹೊರಗಿನಿಂದ ಹೊರಗೆ ಅಳೆದರೆ ಲಿಫ್ಟೇ 11 ಅಡಿ ದಾಟುತ್ತದೆ. ಎರಡೂ ಬದಿ ಮನುಷ್ಯ ಹಾಯಲು ಜಾಗ ಬಿಟ್ಟರೆ 14 ಅಡಿಯಾದರೂ ಬೇಕು. 10 ಅಡಿಯ ಒಂಟಿ ಶಟರಿನ ಅಂಗಡಿಗೆ ಆಸೆಪಟ್ಟು ಮುಂಗಡ ಕೊಡಬೇಡ.

ಇನ್ನು ಎತ್ತರದ ಲೆಕ್ಕ. ಪೂರ್ತಿ ಎತ್ತಿದರೆ ಲಿಫ್ಟಿನ ತೋಳು 1800 ಮಿಲಿಮೀಟರ್ ಆಸುಪಾಸು, ಅಂದರೆ ಆರು ಅಡಿ ಏರುತ್ತದೆ. ನಿನಗೆ ಅಷ್ಟು ಸಿಗುವುದಿಲ್ಲ. 10 ಅಡಿ ಅಂದರೆ 3050 ಮಿಲಿಮೀಟರ್ ಅಂತ ಹಿಡಿ. ಮೇಲೆ 150 ಬಿಡಲೇಬೇಕು, ಉಳಿಯುವುದು 2900. ಸ್ವಿಫ್ಟ್ ಕಾರಿನ ಎತ್ತರ ಸುಮಾರು 1530, ಹಾಗಾದರೆ ಅದನ್ನು ನೆಲದಿಂದ 1370ರಷ್ಟು, ಅಂದರೆ ನಾಲ್ಕೂವರೆ ಅಡಿ ಎತ್ತಬಹುದು. ಕಾರಿನ ಹೊಟ್ಟೆ ನೆಲದಿಂದ ಮೊದಲೇ ಅರ್ಧ ಅಡಿ ಮೇಲಿರುವುದರಿಂದ ನಿನ್ನ ತಲೆಗೆ ಸಿಗುವುದು 5 ಅಡಿ. ವ್ಯಾಗನ್ ಆರ್ ಸುಮಾರು 1675, ಅದು ಏರುವುದು 4 ಅಡಿ. ಬೊಲೆರೊ 1880 ದಾಟುತ್ತದೆ, ಅದನ್ನು ಎತ್ತಬಹುದಾದದ್ದು ಬರೀ ಮೂರುಕಾಲು ಅಡಿ. ನೀನು ಐದೂವರೆ ಅಡಿಯ ಆಳಾದರೆ ಸ್ವಿಫ್ಟಿನ ಕೆಳಗೆ ಕತ್ತು ಬಗ್ಗಿಸಿ ನಿಲ್ಲುತ್ತೀ, ಬೊಲೆರೊದ ಕೆಳಗೆ ಕೂತೇ ಕೆಲಸ ಮಾಡುತ್ತೀ. ಅದರಲ್ಲಿ ಅವಮಾನವೇನಿಲ್ಲ. ಗಾಲಿ ಇರುವ ತಗ್ಗು ಸ್ಟೂಲು ಮಾಡಿಸಿಕೊ. ಬ್ರೇಕು, ಸಸ್ಪೆನ್ಶನ್ನು, ಸೈಲೆನ್ಸರು, ಎಣ್ಣೆ ಬದಲು ಇವೆಲ್ಲ ಕೂತೇ ಆಗುವ ಕೆಲಸ. ಮಣ್ಣಿನಲ್ಲಿ ಗೋಣಿ ಹಾಸಿ ಅಂಗಾತ ಮಲಗಿ ಮಾಡಿದವರಿಗೆ ಅದೇ ಸ್ವರ್ಗ.

ಬೇಸ್‌ಪ್ಲೇಟಿನ ಲಿಫ್ಟಿಗೆ ಮೇಲೆ ಅಡ್ಡಪಟ್ಟಿ ಇಲ್ಲ ಅಂದೆನಲ್ಲ, ಅದರಿಂದ ಇನ್ನೊಂದು ತೊಂದರೆ ಇದೆ. ಅಡ್ಡಪಟ್ಟಿ ಇರುವ ಲಿಫ್ಟುಗಳಲ್ಲಿ ಕಾರಿನ ತಲೆ ತಾಗಿದರೆ ಮೋಟಾರು ನಿಲ್ಲಿಸುವ ಸ್ವಿಚ್ಚನ್ನು ಅದೇ ಪಟ್ಟಿಯಲ್ಲಿ ಕೂರಿಸಿರುತ್ತಾರೆ. ನಿನ್ನದರಲ್ಲಿ ಕಾರು ಸ್ಲ್ಯಾಬಿಗೆ ಒತ್ತಿಕೊಂಡರೂ ಮೋಟಾರು ತಳ್ಳುತ್ತಲೇ ಇರುತ್ತದೆ. ಅಂಥದ್ದೊಂದು ಸ್ವಿಚ್ಚನ್ನು ಮಾಡಿಗೇ ಜೋಡಿಸಿಕೊಡಲು ಲಿಫ್ಟಿನವರನ್ನೇ ಕೇಳು. ಯಾವ ಮಾದರಿ ಎಲ್ಲಿಯವರೆಗೆ ಏರಬಹುದು ಅಂತ ಕಂಬದ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಹೆಸರು ಬರೆ. ಕೊಲ್ಲೂರಿಗೆ ಬಂದ ಯಾತ್ರಿಗಳ ಇನ್ನೋವಾದ ತಲೆಯ ಮೇಲೆ ಕ್ಯಾರಿಯರ್ ಇರುತ್ತದೆ, ಕೊಡಚಾದ್ರಿ ಹತ್ತುವ ಜೀಪಿನ ಮೇಲೆ ಕಬ್ಬಿಣದ ಚೌಕಟ್ಟು. ಪುಸ್ತಕದಲ್ಲಿ ಬರೆದ ಎತ್ತರ ಅವಕ್ಕೆ ಹೊಂದುವುದಿಲ್ಲ, ಪ್ರತಿ ಸಲ ಟೇಪು ಹಿಡಿ. ಎತ್ತಿದ ಮೇಲೆ ಡಿಕ್ಕಿ, ಬಾನೆಟ್ಟು ತೆರೆಯುವ ಮುಂಚೆ ಮೇಲೆ ನೋಡು.

ಹಂಚಿನ ಮಾಡಿನ ಅಂಗಡಿಯಾದರೆ ನಡುವೆ ಎತ್ತರ ಧಾರಾಳ, ಅಡ್ಡಿ ಬರುವುದು ಗೋಡೆಯಿಂದ ಗೋಡೆಗೆ ಹಾಯ್ದ ಅಡ್ಡತೊಲೆ ಮಾತ್ರ. ಅದೊಂದನ್ನು ಕೊಯ್ದರೆ ಎಲ್ಲ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೊಯ್ಯಬೇಡ. ಒಂದು ಹಂಚು ಎರಡರಿಂದ ಎರಡೂವರೆ ಕಿಲೋ, ಒಂದು ಚದರ ಮೀಟರಿಗೆ 15ರ ಆಸುಪಾಸು ಹಂಚು. ಮಳೆಯಲ್ಲಿ ನೆನೆದರೆ ತೂಕ ಇನ್ನೂ ಜಾಸ್ತಿ. ಆ ಭಾರವೆಲ್ಲ ಪಕ್ಕಾಸುಗಳ ಮೂಲಕ ಇಳಿದು ಗೋಡೆಗಳನ್ನು ಹೊರಗೆ ನೂಕುತ್ತಿರುತ್ತದೆ, ಎರಡೂ ಗೋಡೆಗಳನ್ನು ಹಿಡಿದಿಟ್ಟಿರುವುದು ಆ ತೊಲೆಯೇ. ತೊಲೆ ಹೋದರೆ ಮಣ್ಣಿನ ಗಾರೆಯ ಮುರಕಲ್ಲಿನ ಗೋಡೆ ನಿಲ್ಲುವ ಭರವಸೆಯಿಲ್ಲ. ಎರಡು ತೊಲೆಗಳ ನಡುವಿನ ಅಂತರ ಅಳೆ, ಕಾರಿನ ತಲೆ ಆ ಸಂದಿಯಲ್ಲಿ ಏರುವಂತೆ ಕಂಬಗಳನ್ನು ನಿಲ್ಲಿಸಲಾಗುತ್ತದೋ ನೋಡು. ಆಗದಿದ್ದರೆ ಇಂಜಿನಿಯರರನ್ನು ಕರೆಸಿ, ಯಜಮಾನರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಕಬ್ಬಿಣದ ಕೈಂಚಿ ಹಾಕಿಸು. ಅದಕ್ಕೂ ದುಡ್ಡಿಲ್ಲವಾದರೆ ಅಂಗಳದಲ್ಲೇ ಎತ್ತರದ ಶೀಟಿನ ಚಪ್ಪರ ಎಬ್ಬಿಸಿ ಅದರಡಿ ಲಿಫ್ಟ್ ಹಾಕು.

ಈಗ ನೆಲಕ್ಕೆ ಬಂದೆ. ಕಾರು ಇರುವುದು ಎರಡು ಕಂಬಗಳ ನಡುವೆ, ಕಂಬದಿಂದ ಮೂರು ನಾಲ್ಕು ಅಡಿ ಚಾಚಿದ ತೋಳುಗಳ ತುದಿಯಲ್ಲಿ. ತುಂಬಿದ ಕೊಡವನ್ನು ಕೈ ಮುಂದೆ ನೀಡಿ ಹಿಡಿದವನ ಹಿಮ್ಮಡಿ ನೆಲ ಬಿಟ್ಟು ಏಳುವ ಹಾಗೆ, ಭಾರ ಬಿದ್ದಾಗ ಎರಡೂ ಕಂಬಗಳು ಒಳಕ್ಕೆ ವಾಲಲು ನೋಡುತ್ತವೆ, ಹೊರಬದಿಯ ಬೋಲ್ಟುಗಳು ನೆಲದಿಂದ ಕಿತ್ತು ಬರಲು ನೋಡುತ್ತವೆ. ಬೇಸ್‌ಪ್ಲೇಟಿನ ಲಿಫ್ಟಿನಲ್ಲಿ ಕಂಬದ ತಲೆಗಳನ್ನು ಹಿಡಿಯುವುದು ಏನೂ ಇಲ್ಲ. ಆ ಎಳೆತವನ್ನೆಲ್ಲ ಬುಡದ ಬೋಲ್ಟು, ಅದನ್ನು ಕಚ್ಚಿಕೊಂಡ ಕಾಂಕ್ರೀಟು, ಅದರ ಕೆಳಗಿನ ಮಣ್ಣು ಇವಿಷ್ಟೇ ತಡೆಯಬೇಕು. ತಗ್ಗು ಮಾಡಿಗೆ ಅಂತ ತಗ್ಗು ಲಿಫ್ಟ್ ಆರಿಸಿದವನು ನೆಲದ ವಿಷಯದಲ್ಲಿ ಉಳಿದವರಿಗಿಂತ ಬಿಗಿಯಾಗಿರಬೇಕು ಅನ್ನುವುದು ಇದಕ್ಕೇ.

ಅಂಗಡಿಗಳಲ್ಲಿ ಇರುವುದು ಸಾಧಾರಣವಾಗಿ ಮುರಕಲ್ಲಿನ ಚೂರು ತುಂಬಿಸಿ ಮೇಲೆ ಎರಡು ಮೂರು ಇಂಚು ಹಾಕಿದ ಕಾಂಕ್ರೀಟು. ಅದರಲ್ಲಿ ಬೋಲ್ಟು ನಿಲ್ಲುವುದಿಲ್ಲ. ಮುರಕಲ್ಲಿಗೆ ನೇರ ಬೋಲ್ಟು ಹೊಡೆದರೆ, ಅದು ತೂತು ತೂತಿನ ಕಲ್ಲು, ಬೋಲ್ಟು ಹಿಗ್ಗಿದಾಗ ಪುಡಿಯಾಗುತ್ತದೆ. ಅಂಪಾರು, ಸಿದ್ದಾಪುರ, ಹಾಲಾಡಿ ಕಡೆಯ ಗಟ್ಟಿ ದಿಬ್ಬಗಳಲ್ಲಿ ಅಡಿಮಣ್ಣಾದರೂ ಬಿಗಿ. ಹೆದ್ದಾರಿಯ ಎರಡೂ ಬದಿ, ಅದರಲ್ಲೂ ಗದ್ದೆಗೆ ಮಣ್ಣು ಹಾಕಿ ಎಬ್ಬಿಸಿದ ಜಾಗಗಳಲ್ಲಿ, ತುಂಬಿಸಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಮರವಂತೆ, ತ್ರಾಸಿಯ ಕಡಲಬದಿಗಾದರೆ ಮರಳು. ಹಾಗಾಗಿ ಇರುವ ನೆಲವನ್ನು ಒಡೆದು ತೆಗೆ. ಗಟ್ಟಿ ಮಣ್ಣು ಸಿಗುವವರೆಗೆ ಅಗೆದು ಒತ್ತಿಸು. ಲಿಫ್ಟಿನ ಪುಸ್ತಕ ಎಷ್ಟು ದಪ್ಪ ಹೇಳುತ್ತದೋ ಅದಕ್ಕಿಂತ ಕಮ್ಮಿ ಬೇಡ, 4 ಟನ್ನಿನ ಲಿಫ್ಟಿಗೆ 6 ಇಂಚಿಗಿಂತ ಕೆಳಗೆ ನಾನು ಯಾರಿಗೂ ಹೇಳುವುದಿಲ್ಲ. ಒಳಗೆ ಸರಳಿನ ಜಾಲರಿ ಇರಲಿ, ಕಾಂಕ್ರೀಟು ಎಂ-25 ಇರಲಿ. ಮುಖ್ಯವಾಗಿ ಎರಡೂ ಕಂಬಗಳಿಗೆ ಸೇರಿ ಒಂದೇ ಚಪ್ಪಡಿ ಹಾಕು. ಬೇರೆ ಬೇರೆ ಹಾಕಿದರೆ ಒಂದು ಕೂತು ಒಂದು ಉಳಿದು, ಕಂಬಗಳು ಎರಡು ದಿಕ್ಕಿಗೆ ನೋಡುತ್ತವೆ. ಬೋಲ್ಟು ಚಪ್ಪಡಿಯ ಅಂಚಿಗೆ, ಬಿರುಕಿಗೆ ಅರ್ಧ ಅಡಿಗಿಂತ ಹತ್ತಿರ ಬರಬಾರದು. ಕಾಂಕ್ರೀಟು ಹಾಕಿ 28 ದಿನ ಕಳೆಯದೆ ಬೋಲ್ಟು ಬಿಗಿಯಬೇಡ, ಭಾರ ಹೊರಿಸಬೇಡ. ಉದ್ಘಾಟನೆಯ ಮುಹೂರ್ತ ಸಮೀಪಿಸಿತು ಎಂದು ಈ ದಿನಗಳಲ್ಲಿ ಚೌಕಾಸಿ ಮಾಡಿದವರನ್ನು ಕಂಡಿದ್ದೇನೆ. ಮುಹೂರ್ತವನ್ನು ಮುಂದೆ ಹಾಕಬಹುದು.

ಯಾವ ತಿಂಗಳಲ್ಲಿ ಏನು ಮಾಡಬೇಕು ಅನ್ನುವುದನ್ನೂ ಕೇಳಿಕೊ. ಆಸಾಡಿಯ ಮಳೆಯಲ್ಲಿ ಹೋಗಿ ಅಂಗಡಿ ನೋಡು: ನೀರು ಎಲ್ಲಿಂದ ಬರುತ್ತದೆ, ನೆಲ ಎಲ್ಲಿ ಬೆವರುತ್ತದೆ, ಗೋಡೆಯ ಬುಡ ಎಲ್ಲಿ ತೇವ ಹೀರುತ್ತದೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ಬೇಸಗೆಯಲ್ಲಿ ನೋಡಿ ಬಾಡಿಗೆ ಮಾತಾಡಿದರೆ ಎಲ್ಲ ಅಂಗಡಿಯೂ ಚೆನ್ನಾಗಿಯೇ ಕಾಣುತ್ತದೆ. ಕಾಂಕ್ರೀಟಿನ ಕೆಲಸ ದೀಪಾವಳಿ ಕಳೆದು ನೀರು ಇಳಿದ ಮೇಲೆ ಮಾಡಿಸು.

ಕರೆಂಟಿನ ಮಾತು ಚುಟುಕಾಗಿ ಹೇಳುತ್ತೇನೆ. ಮೋಟಾರು 3 ಎಚ್‌ಪಿ ಆಸುಪಾಸಿನದು. ಮೆಸ್ಕಾಂನಲ್ಲಿ ಮೊದಲೇ ಅರ್ಜಿ ಕೊಟ್ಟು ಲೋಡು ಹೆಚ್ಚಿಸಿಕೊ, ಸಾಧ್ಯವಿದ್ದರೆ ಮೂರು ಫೇಸು ತೆಗೆದುಕೊ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ಓಡಾಡುವ ಜನ ನಾವು, ಅರ್ಥಿಂಗು ಸರಿ ಇರಲಿ, ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಆರ್‌ಸಿಸಿಬಿ ಹಾಕಿಸು. ಮಳೆಗಾಲದಲ್ಲಿ ಕಾರು ಮೇಲಿದ್ದಾಗಲೇ ಕರೆಂಟು ಹೋಗುತ್ತದೆ. ಕೈಯಿಂದ ಇಳಿಸುವ ಕ್ರಮವನ್ನು ಲಿಫ್ಟ್ ಕೂರಿಸಲು ಬಂದವನ ಎದುರೇ ಒಮ್ಮೆ ನೀನೇ ಮಾಡಿ ಕಲಿ.

ನಮ್ಮ ಕಡಲಗಾಳಿಯ ಉಪ್ಪು ಯಾರನ್ನೂ ಬಿಡುವುದಿಲ್ಲ. ಲಿಫ್ಟಿನ ಉಕ್ಕಿನ ಹಗ್ಗದ ಎಳೆಗಳು ಒಳಗೊಳಗೇ ತುಕ್ಕು ಹಿಡಿಯುತ್ತವೆ. ಬೇಸ್‌ಪ್ಲೇಟಿನಲ್ಲಿ ಹಗ್ಗ ಹಾಯುವುದು ನೆಲದ ಮೇಲೆ, ಗ್ಯಾರೇಜು ತೊಳೆದ ನೀರು, ಮೀನಿನ ಗಾಡಿಯಿಂದ ಸುರಿದ ಉಪ್ಪುನೀರು ಆ ತಗಡಿನ ಕೆಳಗೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ತಗಡು ಎತ್ತಿ ಒರೆಸು, ಎಣ್ಣೆ ಹಚ್ಚು, ಒಂದು ಎಳೆ ತುಂಡಾಗಿ ಮುಳ್ಳಿನ ಹಾಗೆ ಎದ್ದಿದ್ದರೂ ಹಗ್ಗ ಬದಲಿಸು. ತಿರುಪಿನ ಲಿಫ್ಟ್ ಕೊಂಡರೆ ಮುಖ್ಯ ನಟ್ಟಿಗೂ ಅದರ ಕೆಳಗಿನ ಸೇಫ್ಟಿ ನಟ್ಟಿಗೂ ನಡುವಿನ ಸಂದು ಅಳೆ, ಸಂದು ಕಿರಿದಾಗುತ್ತಾ ಬಂದರೆ ನಟ್ಟು ಸವೆಯುತ್ತಿದೆ ಅಂತ ಲೆಕ್ಕ. ನವರಾತ್ರಿಯ ಆಯುಧಪೂಜೆಗೆ ನಾವೆಲ್ಲ ಲಿಫ್ಟಿಗೆ ಹೂ ಹಾಕುತ್ತೇವೆ. ಹೂ ಹಾಕುವ ಹಿಂದಿನ ದಿನ ಎಲ್ಲ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸುವುದನ್ನೂ ಪೂಜೆಯ ಭಾಗ ಮಾಡಿಕೊ, ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ.

ಲಿಫ್ಟಿನ ತುಕ್ಕಿಗಿಂತ ಕಾರಿನ ತುಕ್ಕು ಇನ್ನೂ ಮೋಸದ್ದು. ಗಂಗೊಳ್ಳಿ, ಕೊಡೇರಿ, ಹಂಗಾರಕಟ್ಟೆಗೆ ಮೀನಿಗೆ ಹೋಗುವ ಓಮ್ನಿ, ಪಿಕಪ್ಪುಗಳ ಅಡಿಯನ್ನು ಒಮ್ಮೆ ಟಾರ್ಚ್ ಹಾಕಿ ನೋಡು. ಬಾಗಿಲ ಕೆಳಗಿನ ಜಾಕ್ ಪಾಯಿಂಟು ಹೊರಗೆ ಬಣ್ಣದಿಂದ ಹೊಳೆಯುತ್ತಿರುತ್ತದೆ, ಒಳಗೆ ಹಪ್ಪಳವಾಗಿರುತ್ತದೆ. ತೋಳಿನ ಪ್ಯಾಡು ಅದನ್ನು ತೂರಿಕೊಂಡು ಒಳಗೆ ಹೋದರೆ ಕಾರು ಒಂದು ಮೂಲೆಗೆ ಜಾರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡು, ಸಂಶಯ ಬಂದರೆ ಎತ್ತಬೇಡ. ಆ ಗಾಡಿಗೆ ಜಾಕು, ಸ್ಟ್ಯಾಂಡೇ ಗತಿ ಅಂತ ಮಾಲೀಕನಿಗೆ ಮುಖಕ್ಕೇ ಹೇಳು. ಬೊಲೆರೊ, ಜೀಪುಗಳಿಗೆ ಚಾಸಿಸ್ ಇದೆ, ಪ್ಯಾಡು ಚಾಸಿಸ್ಸಿಗೇ ಕೂರಬೇಕು.

ಎತ್ತುವ ಶಿಸ್ತು ನಿನಗೆ ಬೆಂಗಳೂರಿನಲ್ಲಿ ಕಲಿಸಿಯೇ ಇರುತ್ತಾರೆ, ಆದರೂ ಹೇಳುತ್ತೇನೆ. ಗಾಲಿ ನೆಲ ಬಿಟ್ಟ ಕೂಡಲೇ ನಿಲ್ಲಿಸು, ನಾಲ್ಕೂ ಪ್ಯಾಡು ನೋಡು, ಕಾರನ್ನು ಅಲುಗಿಸು, ಆಮೇಲೆ ಮೇಲಕ್ಕೆ. ಬೇಕಾದ ಎತ್ತರಕ್ಕೆ ಬಂದ ಮೇಲೆ ಸ್ವಲ್ಪ ಇಳಿಸಿ ಲಾಕಿನ ಹಲ್ಲಿನ ಮೇಲೆ ಕೂರಿಸು. ಎಣ್ಣೆಯ ಒತ್ತಡದ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡ. ತಗ್ಗು ಮಾಡಿನವರಿಗೆ ಇಲ್ಲೊಂದು ಆಮಿಷವಿದೆ: ಮುಂದಿನ ಹಲ್ಲಿಗೆ ಏರಿಸಲು ಮಾಡು ಅಡ್ಡ, ಹಿಂದಿನ ಹಲ್ಲಿಗೆ ಇಳಿಸಿದರೆ ಕತ್ತು ನೋವು, ಹಾಗಾಗಿ ನಡುವೆ ಎಣ್ಣೆಯ ಮೇಲೇ ನಿಲ್ಲಿಸಿಬಿಡುವುದು. ಅದು ಬೇಡ, ಹಿಂದಿನ ಹಲ್ಲಿಗೇ ಇಳಿಸು. ನಮ್ಮ ಸಣ್ಣ ಕಾರುಗಳ ಭಾರ ಮೂತಿಯ ಕಡೆಗೆ ಹೆಚ್ಚು, ಇಂಜಿನ್ನು, ಗೇರ್‌ಬಾಕ್ಸು ಇಳಿಸಿದ ಕ್ಷಣ ಹಿಂಬದಿ ಭಾರವಾಗಿ ಕಾರು ಹಿಂದಕ್ಕೆ ವಾಲುತ್ತದೆ. ಬಿಚ್ಚುವ ಮುಂಚೆಯೇ ಹಿಂದೆ ಎತ್ತರದ ಸ್ಟ್ಯಾಂಡು ಕೊಡು. ಸಿಎನ್‌ಜಿ ಗಾಡಿಯಾದರೆ ಇನ್ನೊಂದು ಎಚ್ಚರ: ಆ ಅನಿಲ ಗಾಳಿಗಿಂತ ಹಗುರ, ಸೋರಿದರೆ ಸ್ಲ್ಯಾಬಿನ ಕೆಳಗೆ ಹೋಗಿ ಸೇರುತ್ತದೆ. ತಾರಸಿ ಅಂಗಡಿಯಲ್ಲಿ ಗೋಡೆಯ ತಲೆಭಾಗದಲ್ಲಿ ಗಾಳಿಕಿಂಡಿ ಬಿಡಿಸು.

ಬಂದದ್ದನ್ನೆಲ್ಲ ಎತ್ತುವ ಆಸೆಯೂ ಬೇಡ. ನವೆಂಬರಿನ ತಿರುಗಾಟಕ್ಕೆ ಮುಂಚೆ ಯಕ್ಷಗಾನ ಮೇಳದ ಬಸ್ಸು, ಲಾರಿಗಳು ಗ್ಯಾರೇಜು ಹುಡುಕಿಕೊಂಡು ಬರುತ್ತವೆ, ಅವು ನಿನ್ನ ಲಿಫ್ಟಿನ ಗಾಡಿಗಳಲ್ಲ. ನಿನಗೆ ಬರುವ ಕೆಲಸದಲ್ಲಿ ಬೊಲೆರೊ, ಜೀಪೇ ಜಾಸ್ತಿ, ಮಾಡು 9 ಅಡಿಗೂ ತಗ್ಗು ಅಂತಾದರೆ ಎರಡು ಕಂಬದ ಹಟವನ್ನೇ ಬಿಡು. ಮೂರು ನಾಲ್ಕು ಅಡಿ ಎತ್ತುವ ಕತ್ತರಿ ಲಿಫ್ಟ್ ತೆಗೆದುಕೊ. ಟಯರು, ಬ್ರೇಕಿನ ಕೆಲಸ ಅದರಲ್ಲೇ ಸಾಗುತ್ತದೆ.

ದುಡ್ಡಿನ ಯೋಜನೆಯಲ್ಲಿ ಲಿಫ್ಟಿನ ಬೆಲೆಯ ಪಕ್ಕದಲ್ಲೇ ನೆಲದ ಖರ್ಚು ಬರೆ. ಮುದ್ರಾ ಸಾಲಕ್ಕೆ ಅರ್ಜಿ ಹಾಕುವಾಗ ಕಾಂಕ್ರೀಟು, ವೈರಿಂಗು, ಸ್ಟ್ಯಾಂಡು ಎಲ್ಲ ಸೇರಿಸಿಯೇ ಕೇಳು. ಲಿಫ್ಟಿಗೆ ಮಾತ್ರ ಸಾಲ ತೆಗೆದವರು ನೆಲದಲ್ಲಿ ಉಳಿತಾಯ ಮಾಡುತ್ತಾರೆ. ನಮ್ಮ ಜಿಲ್ಲೆಗೆ ಸಣ್ಣ ಉಳಿತಾಯ ಹೊಸತಲ್ಲ. ಲುನಾಟಿ ಲಿಫ್ಟ್ ಮಾಡಿದ ಅದೇ 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿ ತಂದು ದಿನದ ಚಿಲ್ಲರೆಯನ್ನೇ ಬಂಡವಾಳ ಮಾಡುವುದನ್ನು ಇಲ್ಲಿಯ ಅಂಗಡಿಕಾರರಿಗೆ ಕಲಿಸಿತು. ನೀನೂ ದಿನಕ್ಕಿಷ್ಟು ಅಂತ ಹಗ್ಗ, ಸೀಲು, ಪ್ಯಾಡಿನ ಹೆಸರಿನಲ್ಲಿ ತೆಗೆದಿಡು. ಹಗ್ಗ ಬದಲಿಸಬೇಕಾದ ದಿನ ಕೈಯಲ್ಲಿ ಕಾಸಿಲ್ಲದಿದ್ದರೆ, ಇನ್ನೊಂದು ತಿಂಗಳು ನಡೆಯುತ್ತದೆ ಅಂತ ಮನಸ್ಸು ಹೇಳುತ್ತದೆ.

ಕಡೆಯ ಮಾತು ನಿನ್ನ ಬಗ್ಗೆ ಅಲ್ಲ, ನಿನ್ನ ಕೈಕೆಳಗೆ ಬರುವ ಹುಡುಗರ ಬಗ್ಗೆ. ಗಲ್ಲಾ ನೋಡಿಕೊಂಡು, ಗಿರಾಕಿಗಳ ಜೊತೆ ಮಾತಾಡಿಕೊಂಡು ನೀನು ಹೊರಗಿರುತ್ತೀ, ಕಾರಿನ ಅಡಿಯಲ್ಲಿ ನಿಲ್ಲುವವನು ಐಟಿಐ ಮುಗಿಸಿ ಬಂದ ಯಾರದೋ ಮನೆಯ ಮಗ. ಲಿಫ್ಟಿನ ಸಣ್ಣ ಸದ್ದು, ನೆಲದ ಕೂದಲೆಳೆಯ ಬಿರುಕು ಮೊದಲು ಕಾಣುವುದು ಅವನಿಗೇ. ಸೇರಿದ ಮೊದಲ ದಿನವೇ ಅವನಿಗೆ ಹೇಳಿಬಿಡು: ಏನೋ ಸರಿಯಿಲ್ಲ ಅನ್ನಿಸಿದರೆ ‘ಇಳಿಸಿ’ ಅನ್ನುವ ಹಕ್ಕು ನಿನ್ನದು ಅಂತ. ಅವನು ಹಾಗೆ ಅಂದಾಗ, ಗಿರಾಕಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರೂ, ಹುಡುಗನ ಸಂಶಯ ಸುಳ್ಳಾದೀತು ಅಂತ ನಿನಗೆ ಅನ್ನಿಸಿದರೂ, ಕಾರಣ ಕೇಳದೆ ಮೊದಲು ಅವನನ್ನು ಹೊರಗೆ ಕರೆ, ಆಮೇಲೆ ಕಾರು ಇಳಿಸು, ಕಾರಣವನ್ನು ಕಡೆಗೆ ಕೇಳು.